ಫೋಟೋ ಕೆಚ್ಚುವ ಅನಸವ್ವ

ಅನಸವ್ವನಿಗೆ ನಾನು ಇನ್ನೂ ನಾಲ್ಕು ಹೆಸರು ಬಾಕಿ ಇದ್ದೇನೆ. ಮೊದಲಿಗೆ ಈ ಸಾಲ ಹನ್ನೊಂದರದಿತ್ತು; ಒಂದು ವರ್ಷ ಊರೂರು ಅಲೆದು ಏಳನ್ನು ತೀರಿಸಿದ್ದೇನೆ. ರೊಕ್ಕದ ಸಾಲವಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ಕೂತು ಜಪ್ತಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಅನುಭವ ನನಗಿದೆ. ಈಕೆಯ ವಸೂಲಿಯ ಮುಂದೆ ಆ ವಿದ್ಯೆ ನಡೆಯುವುದಿಲ್ಲ. ಬನಹಟ್ಟಿಯ ಬಸ್ ನಿಲ್ದಾಣದಲ್ಲಿ ಕಂಡರೂ ಅದೇ ಮಾತು, ಹಿಟ್ಟಿನ ಗಿರಣಿಯಲ್ಲಿ ಕಂಡರೂ ಅದೇ ಮಾತು. ಒಮ್ಮೆ ಹಳೆಯ ಸಂಗಾತಿಯೊಬ್ಬನ ಹೆಣದ ಮುಂದೆ ನಾನು ತಲೆ ತಗ್ಗಿಸಿ ಕೂತಿದ್ದಾಗ, ಪಕ್ಕಕ್ಕೆ ಬಂದು ಕೂತು, ಕಿವಿಯ ಹತ್ತಿರ ಬಾಗಿ ಕೇಳಿದಳು: "ಲೀಡರ್ ಸಾಹೇಬ್ರ, ಮೂರನೇ ಸಾಲಿನ ಕಡೀಗಿ ನಿಂತಾಕಿ ಯಾರಂತ ಗೊತ್ತಾತೇನ್ರಿ?" ಸತ್ತವನಿಗೆ ಗೊತ್ತಿತ್ತೇನೋ, ಜೀವ ಇದ್ದಾಗಲೇ ಕೇಳಬೇಕಿತ್ತು ಎಂಬ ಪಶ್ಚಾತ್ತಾಪ ಆ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಅರವತ್ತೊಂದರ ಹೆಂಗಸು, ಕಟ್ಟಿಗೆಯಂಥ ಮೈ, ಬಿಗಿದು ಕಟ್ಟಿದ ನರೆತ ತುರುಬು. ಇಳಕಲ್ ಸೀರೆಯ ಮೇಲೆ, ತೀರಿಹೋದ ಅಣ್ಣ ಮಲಕಾಜಪ್ಪನ ಬೂದುಬಣ್ಣದ ಕೋಟು ತೊಟ್ಟುಕೊಂಡೇ ಹೊರಗೆ ಬೀಳುತ್ತಾಳೆ, ಚಳಿಯಿರಲಿ, ಏಪ್ರಿಲ್ಲಿನ ಉರಿಬಿಸಿಲಿರಲಿ. ಅಣ್ಣನ ನೆನಪಿಗೆ ತೊಡುತ್ತಾಳೆಂದು ನಾನೊಮ್ಮೆ ಮರುಗಲು ಹೋಗಿ ಬೈಸಿಕೊಂಡೆ. "ಸೀರಿಗೆ ಕಿಸೆ ಇಲ್ಲ್ರಿ, ಕೋಟಿಗೆ ಆರು ಅದಾವ. ನೆನಪ ಗಿನಪ ಏನಿಲ್ಲ." ಆ ಆರು ಕಿಸೆಗಳಲ್ಲಿ ಫೋನು, ಭೂತಗನ್ನಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹಳೆಯ ಫೋಟೋಗಳು, ಪೆನ್ಸಿಲು, ಎಲೆ ಅಡಿಕೆ, ಮತ್ತು ಯಾವಾಗಲೂ ಅರ್ಧ ಉಳಿದಿರುವ ಒಂದು ಬಿಸ್ಕೀಟು ಪುಡಿಕೆ. ನಡೆಯುವಾಗ ಎಡಗಾಲು ಅರ್ಧ ಗೇಣು ಹಿಂದೆ ಉಳಿದು ಆಮೇಲೆ ಎಳೆದುಕೊಂಡು ಬರುತ್ತದೆ. ಹದಿಮೂರನೆಯ ವಯಸ್ಸಿನಿಂದ ಮಡಚಿ ಅದರ ಮೇಲೆಯೇ ಕೂತು ಕೆಲಸ ಮಾಡಿದ ಕಾಲು ಅದು. ಬಲಗೈಯ ಹೆಬ್ಬೆರಳು ತೋರುಬೆರಳುಗಳು ಸದಾ ಒಂದನ್ನೊಂದು ಹೊಸೆಯುತ್ತಿರುತ್ತವೆ. ಈಕೆ ಲಂಚ ಕೇಳುತ್ತಿದ್ದಾಳೆಂದು ತಿಳಿದು ಮುಧೋಳದ ಒಬ್ಬ ಅಂಗಡಿಯವನು ಐವತ್ತರ ನೋಟು ತೆಗೆದುಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಮಾತಿನಲ್ಲಿ ಒಂದೇ ಒಂದು ಪಲ್ಲವಿ: "ಆತಲ್ಲ, ಮುಂದ?" ಮದುವೆಯ ಸುದ್ದಿ ಹೇಳಿ, ಮರಣದ ಸುದ್ದಿ ಹೇಳಿ, ಸರಕಾರ ಬಿದ್ದ ಸುದ್ದಿ ಹೇಳಿ, ಉತ್ತರ ಅದೇ.

ಆ ಬೆರಳುಗಳ ಕಸುಬು ಕೆಚ್ಚುವುದು. ಮಗ್ಗದ ಮೇಲಿನ ಹಾಸು, ಅಂದರೆ ಬಟ್ಟೆಯ ಉದ್ದದ ಎಳೆಗಳು, ತೀರುತ್ತ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಅದರದರ ಎಳೆಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಹೀಗೆ ಎರಡು ಸಾವಿರಕ್ಕೂ ಮಿಕ್ಕಿದ ಎಳೆಗಳು, ಎರಡು ದಿನ ಊಟಕ್ಕೂ ಏಳಲಾಗದ ಕೆಲಸ. ಒಂದು ಎಳೆ ತನ್ನ ಜೋಡಿಯನ್ನು ಬಿಟ್ಟು ಪಕ್ಕದ್ದನ್ನು ಹಿಡಿದರೆ ಬಟ್ಟೆಯ ಉದ್ದಕ್ಕೂ ಆ ತಪ್ಪು ಹರಿದುಹೋಗುತ್ತದೆ. ಇನ್ನೊಂದು ಕಟ್ಟುಪಾಡು: ಯಾವ ಕೈ ಆರಂಭಿಸಿತೋ ಅದೇ ಕೈ ಮುಗಿಸಬೇಕು. ಒಬ್ಬೊಬ್ಬರ ಹೊಸೆತದ ಬಿಗಿ ಒಂದೊಂದು ಬಗೆ. ಎರಡು ಕೈ ಕೂಡಿದ ಹಾಸು ಮಗ್ಗದ ಮೊದಲ ಎಳೆತಕ್ಕೆ ನಡುವೆಯೇ ಹರಿಯುತ್ತದೆ. ಕೆಚ್ಚುವವರೆಲ್ಲ ಹೆಂಗಸರು, ಆದ್ದರಿಂದ ಅವರನ್ನು ನೇಕಾರರೆಂದು ಯಾರೂ ಕರೆಯುತ್ತಿರಲಿಲ್ಲ. ನಾನೂ ಕರೆಯುತ್ತಿರಲಿಲ್ಲ.

ಆಗಿನ ರಬಕವಿ-ಬನಹಟ್ಟಿಯಲ್ಲಿ ನಸುಕಿನಿಂದಲೇ ಓಣಿ ಓಣಿಯೂ ಖಟಕ್ ಖಟಕ್ ಎನ್ನುತ್ತಿತ್ತು. ಗಂಜಿಯ ಹುಳಿವಾಸನೆ, ಬಣ್ಣದ ನೀರು ಹರಿದು ದಿನಕ್ಕೊಂದು ವರ್ಣ ತಾಳುತ್ತಿದ್ದ ಗಟಾರಗಳು, ಬೀದಿಯುದ್ದಕ್ಕೂ ಚಾಚಿದ ಹಾಸುಗಳ ಕೆಳಗೆ ನುಸುಳಿ ಶಾಲೆಗೆ ಹೋಗುತ್ತಿದ್ದ ಮಕ್ಕಳು. ನಾನು ಹಿಂದಿನದನ್ನು ನೆನೆದು ಕಣ್ಣೀರು ಹಾಕುವವನಲ್ಲ. ಆ ಗಟಾರ ನಾರುತ್ತಿತ್ತು, ಆ ಕೂಲಿಯಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಆದರೂ ಸದ್ದಡಗಿದ ಕೆಲವು ಓಣಿಗಳಲ್ಲಿ ಈಗ ನಡೆದುಹೋಗುವಾಗ ಎಡವಿದಂತಾಗುತ್ತದೆ, ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದ ಹಾಗೆ.

ಅನಸವ್ವ ಕೆಚ್ಚುವುದನ್ನು ಬಿಟ್ಟು ಅಣ್ಣನ ಫೋಟೋ ಸ್ಟುಡಿಯೋದ ಕತ್ತಲೆಕೋಣೆ ಸೇರಿದ್ದು ಎಂಬತ್ತೆಂಟರ ಮುಷ್ಕರದ ನಂತರ. ಯಾಕೆ ಸೇರಿದಳೆಂಬುದನ್ನು ಮುಂದೆ ಹೇಳುತ್ತೇನೆ. ಅದರಲ್ಲಿ ನನ್ನ ಪಾಲಿದೆ. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವನು ಬಿಟ್ಟುಹೋದದ್ದು ಒಬ್ಬ ಮಗಳನ್ನು ಮತ್ತು ತಗಡಿನ ಹದಿನಾರು ಪೆಟ್ಟಿಗೆ ನೆಗೆಟಿವುಗಳನ್ನು. ಮಗಳು ಕಾಂಚನಾ ಆ ಸ್ಟುಡಿಯೋದಲ್ಲೇ ಕಂಪ್ಯೂಟರು ಇಟ್ಟು ಮದುವೆಯ ಆಲ್ಬಮ್ ಮಾಡುತ್ತಾಳೆ. ವಧೂವರರ ಹಿಂದೆ ಕಾಶ್ಮೀರದ ಹಿಮ ಕೂಡಿಸುವುದರಲ್ಲಿ ನಿಪುಣೆ. ಅದನ್ನು ನೋಡುತ್ತ ಕೂತಿದ್ದ ಅನಸವ್ವ ಒಂದು ದಿನ ಕೇಳಿದಳಂತೆ: "ಹಿಮ ಕೂಡಸ್ತಿ ಖರೆ, ಹಳೇ ಪ್ಯಾಟಿ ಮ್ಯಾಲ ಹೊಸಾ ಪ್ಯಾಟಿ ಕೂಡ್ಸಾಕ ಬರ್ತೈತೇನು?"

"ಬರ್ತೈತಿ ಅತ್ತಿ. ಆದ್ರ ಎರಡೂ ಒಂದ ಜಾಗಾದಾಗ ನಿಂತು ತಗದಿರಬೇಕ ನೋಡು."

ಅಷ್ಟೇ ಸಾಕಾಯಿತು. ಅಂದಿನಿಂದ ಈಕೆ ಹಳೆಯ ಫೋಟೋ ತೆಗೆದವನು ನಿಂತ ಜಾಗವನ್ನು ಹುಡುಕಿಕೊಂಡು ನಾಲ್ಕು ತಾಲೂಕು ತಿರುಗುತ್ತಿದ್ದಾಳೆ. ವಿಧಾನ ಸರಳ. ಹಳೆಯ ಫೋಟೋವನ್ನು ಕೈಚಾಚಿ ಕಣ್ಣೆದುರು ಹಿಡಿಯುತ್ತಾಳೆ. ಹಳೆಯದರಲ್ಲೂ ಈಗಲೂ ಉಳಿದಿರುವ ಎರಡು ಗುರುತು ಹಿಡಿಯುತ್ತಾಳೆ, ದೂರದ್ದೊಂದು, ಸಮೀಪದ್ದೊಂದು: ಒಂದು ಗೋಪುರದ ತುದಿ, ಒಂದು ಕಲ್ಲುಗಂಬದ ಬುಡ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂಡುವವರೆಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಎಡಗಾಲು ಎಳೆದುಕೊಂಡು ಸರಿಯುತ್ತಿರುತ್ತಾಳೆ. ನೆರಳೂ ಒಂದೇ ದಿಕ್ಕಿಗೆ ಬಿದ್ದಿರಬೇಕು; ಹಳೆಯದು ಮಾಘದ ಸಂಜೆಯದಾದರೆ ಹೊಸದಕ್ಕೆ ಮಾಘ ಬರುವವರೆಗೆ ಕಾಯುತ್ತಾಳೆ. ಮಾಡಿ ಮುಗಿಸಿದ ಮೇಲೆ ಆ ಚಿತ್ರದಲ್ಲಿ ಬೆಸುಗೆ ಎಲ್ಲಿದೆಯೆಂದು ಭೂತಗನ್ನಡಿ ಹಿಡಿದರೂ ಕಾಣದು. ಎಡಕ್ಕೆ ಇಂದಿನ ಮೊಬೈಲ್ ಅಂಗಡಿ, ನಿಲ್ಲಿಸಿದ ಸ್ಕೂಟರು, ಕೇಬಲ್ಲಿನ ಗೋಜಲು. ಬಲಕ್ಕೆ ಸರಿದಂತೆ ಬಣ್ಣ ನಿಧಾನವಾಗಿ ಇಳಿದು ಬೂದಿಯಾಗಿ, ಅದರೊಳಗಿಂದ ರುಮಾಲಿನವನೊಬ್ಬ ಹೆಗಲ ಮೇಲೆ ನೂಲಿನ ಗಂಟು ಹೊತ್ತು ನೇರ ಸ್ಕೂಟರಿನ ಕಡೆಗೆ ನಡೆದುಬರುತ್ತಿದ್ದಾನೆ. ಇನ್ನೆರಡು ಹೆಜ್ಜೆಗೆ ಢಿಕ್ಕಿ ಹೊಡೆಯುತ್ತಾನೆಂದು ನಮಗೆ ಗಾಬರಿಯಾಗುತ್ತದೆ.

ಆದರೆ ಆ ಜಾಗ ಯಾವಾಗಲೂ ಬೀದಿಯಲ್ಲೇ ಇರಬೇಕೆಂಬ ನಿಯಮವಿಲ್ಲವಲ್ಲ. ಜಮಖಂಡಿಯ ಹಳೆಯ ಪೇಟೆಯ ಒಂದು ಫೋಟೋದ ಲೆಕ್ಕ ಹಿಡಿದು ಸರಿಯುತ್ತ ಸರಿಯುತ್ತ ಈಕೆ ಒಂದು ಕಟಿಂಗ್ ಅಂಗಡಿಯ ಒಳಗೆ ಹೋಗಿಬಿಟ್ಟಳು. ಗುರುತುಗಳು ಕೂಡಿದ್ದು ಎರಡನೆಯ ಕುರ್ಚಿಯ ಮೇಲೆ. ಕುರ್ಚಿಯಲ್ಲಿ ಒಬ್ಬ ಹಿರಿಯರು ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ಸಾಬೂನು ಹಚ್ಚಿಸಿಕೊಂಡು ಕಣ್ಣುಮುಚ್ಚಿದ್ದರು.

"ಸ್ವಲ್ಪ ಏಳ್ರಿ," ಎಂದಳು.

"ನಾ ಯಾಕ ಏಳ್ಲಿ ಬೇ? ಅರ್ಧಾ ಗಡ್ಡ ಐತಿ."

"ನೀವು ಕುಂತದ್ದು ರಸ್ತಾದ ನಟ್ಟನಡುವ ಐತ್ರಿ. ಬಂಡಿ ಬರೂ ಜಾಗಾ."

ಅಂಗಡಿಯ ಸುಭಾಷ್ ಈಕೆಯ ಕೋಟು ನೋಡಿ, ಕೈಯಲ್ಲಿನ ಕಾಗದ ನೋಡಿ ಬೆವೆತುಹೋದ. ರಸ್ತೆ ಅಗಲ ಮಾಡುವ ಸುದ್ದಿ ಆಗ ಊರಲ್ಲೆಲ್ಲ ಇತ್ತು. "ಮೇಡಮ್ಮಾರ, ಇದು ನಮ್ಮಪ್ಪನ ಕಾಲದ ಅಂಗಡಿ. ಜಾಗಾದ ಉತಾರ ಐತಿ, ಕಾಗದ ತೋರಸ್ಲೇನ್ರಿ?"

"ನಿನ್ನ ಅಂಗಡಿ ನಿನಗಿರ್ಲೋ ತಮ್ಮಾ. ನನಗ ಒಂದ ಹೆಜ್ಜಿ ಜಾಗಾ, ಐದ ಮಿನಿಟ. ಆಮ್ಯಾಲ ಇವರ ಉಳದ ಗಡ್ಡಾ ಛಲೋತಂಗ ತಗಿ."

ಹಿರಿಯರು ಗೊಣಗುತ್ತ ಎದ್ದರು. ಎದ್ದವರು ಈಕೆಯ ಕೈಯಲ್ಲಿದ್ದ ಫೋಟೋವನ್ನು ಹೆಗಲ ಮೇಲಿಂದ ಇಣುಕಿದರು, ಇಣುಕಿದವರು ಹಾಗೇ ನಿಂತರು. "ಈ ಹಗ್ಗದ ಅಂಗಡಿ ಮುಂದ ಕುಂತಾಂವ ನಮ್ಮ ಮುತ್ಯಾ! ಏ ಸುಭಾಷ್, ನಮ್ಮ ಮುತ್ಯಾನೋ!" ಅನಸವ್ವ ಪೆನ್ಸಿಲು ತೆಗೆದಳು. "ಹೆಸರು?" ಅವರು ಹೇಳಿದರು, ಈಕೆ ಬರೆದುಕೊಂಡಳು. ಆಮೇಲೆ ಹಿರಿಯರು ಆ ಪೇಟೆಯ ಕತೆ ಹೇಳತೊಡಗಿದರು, ಹಗ್ಗದ ವಾಸನೆ, ಬೆಲ್ಲದ ಪೆಂಟೆ, ಗುರುವಾರದ ಗದ್ದಲ, ಮುತ್ಯಾ ತನ್ನನ್ನು ಅಂಗಡಿಯ ತಕ್ಕಡಿಯಲ್ಲಿ ಕೂರಿಸಿ ತೂಗಿದ್ದು. ಹೇಳುತ್ತ ಹೇಳುತ್ತ ಅವರ ಕೆನ್ನೆಯ ಸಾಬೂನು ಒಣಗಿ ಬಿಳಿಯ ಹೊಪ್ಪಳಿಕೆಯಾಗಿ ಉದುರಿತು. ಈಕೆ ಫೋಟೋ ಹೊಡೆದುಕೊಂಡು, "ಆತಲ್ಲ, ಮುಂದ?" ಎಂದು ಹೊರಟೇಬಿಟ್ಟಳು.

ಕರುಣೆಯಿಲ್ಲದವಳೆಂದು ಯಾರಿಗಾದರೂ ಅನಿಸಬಹುದು. ಬೀಳಗಿಯ ಕಡೆ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಒಂದು ಊರಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಶಾಲೆಯ ಕಟ್ಟೆಯ ಮೂರು ಮೆಟ್ಟಿಲು ಹೊರಗೆ ಬರುತ್ತವೆ. ಆ ಶಾಲೆಯ ಮುಂದೆ ಸಾಲಾಗಿ ನಿಂತ ಮಕ್ಕಳ ಒಂದು ಫೋಟೋ ಮಲಕಾಜಪ್ಪನ ಪೆಟ್ಟಿಗೆಯಲ್ಲಿತ್ತು. ಅನಸವ್ವ ಮೊಣಕಾಲುಮಟ್ಟದ ಕೆಸರಲ್ಲಿ ನಿಂತು ಹೊಸದನ್ನು ತೆಗೆದು, ಮಕ್ಕಳ ಅರ್ಧ ಸಾಲು ನೀರಿನ ಮೇಲೆ ನಿಂತಂತೆ ಕೂಡಿಸಿದಳು. ಹೊಸ ಊರಿನವರು, ಆ ಮಕ್ಕಳೇ ಈಗ ಮೊಮ್ಮಕ್ಕಳಿದ್ದವರು, ನೋಡಿ ನೋಡಿ ಮೂಗು ಒರೆಸಿಕೊಂಡರು. ಗಿರಿಮಲ್ಲಪ್ಪನೆಂಬ ಒಬ್ಬರು ಕೈಮುಗಿದು ಬೇಡಿದರು: "ಯಕ್ಕಾ, ಕಂಪ್ಯೂಟರ್‌ನ್ಯಾಗ ಎಲ್ಲಾ ಆಗತೈತಂತಲ್ಲ. ಆ ನೀರೊಂದ ತಗದಬಿಡ್ರಿ."

"ನೀರೂ ಖರೆ ಐತಿ, ಸಾಲೀನೂ ಖರೆ ಐತಿ," ಎಂದಳು. "ಒಂದ ಸುಳ್ಳ ಮಾಡಿದ್ರ ಇನ್ನೊಂದೂ ಸುಳ್ಳ ಆಗತೈತ್ರಿ ಅಣ್ಣಾರ." ತೆಗೆಯಲಿಲ್ಲ. ಆದರೆ ಆ ಮೂವತ್ತೆಂಟು ಮಕ್ಕಳ ಹೆಸರನ್ನೂ ಫೋಟೋದ ಕೆಳಗೆ ಹಾಕಿದ್ದಳು, ಹಾವು ಕಚ್ಚಿ ಆ ವರ್ಷವೇ ಸತ್ತ ಒಬ್ಬ ಹುಡುಗಿಯದೂ ಸೇರಿ. ಆಕೆಯ ಮೊಂಡುತನದ ಮೂಲ ಇಲ್ಲಿದೆ: ಫೋಟೋದಲ್ಲಿ ಮುಖ ಕಾಣುವ ಪ್ರತಿಯೊಬ್ಬರ ಹೆಸರು ಸಿಗುವವರೆಗೆ ಆಕೆ ಎರಡನ್ನು ಕೂಡಿಸಿ ಮುಗಿಸುವುದಿಲ್ಲ. ಎಷ್ಟೇ ದೊಡ್ಡವರು ಹೇಳಲಿ, ಎಷ್ಟೇ ಅವಸರವಿರಲಿ.

ಇದರ ಬಿಸಿ ನನಗೆ ತಟ್ಟಿದ್ದು ಹೋದ ವರ್ಷ. ಎಂಬತ್ತೆಂಟರ ನಮ್ಮ ಮುಷ್ಕರದ ನೆನಪಿಗೆ ನೇಕಾರರು ಸಭೆ ಸೇರಿ, ಅಂದಿನ ಮೆರವಣಿಗೆಯ ಫೋಟೋವನ್ನು ಇಂದಿನ ರಸ್ತೆಗೆ ಕೂಡಿಸಿ, ಗೋಡೆಯಷ್ಟು ದೊಡ್ಡದು ಮಾಡಿ ತೂಗುಹಾಕಬೇಕೆಂದು ಗೊತ್ತುಮಾಡಿದರು. ಫೋಟೋ ತೆಗೆದವನು ಮಲಕಾಜಪ್ಪ. ಎತ್ತಿನ ಬಂಡಿಯ ಮೇಲೆ ಮೈಕು ಹಿಡಿದು ನಿಂತವನು ನಾನು. ಕೇಳಲು ಹೋದ ದಿನ ಅನಸವ್ವ ಮುಧೋಳಕ್ಕೆ ಹೊರಟಿದ್ದಳು. ಬಸ್ಸಿನಲ್ಲಿ ಮಾತಾಡಿದರಾಯಿತೆಂದು ಜೊತೆಗೆ ಹೋದೆ.

ಅಲ್ಲಿ ಒಂದು ಹಳೆಯ ವಾಡೆ. ವಾಡೆಯ ರಾಜಕುಮಾರ ಎಂಬವರು, ಇಂದಿನ ಅಂಗಳಕ್ಕೆ ಕೂಡಿಸಿಕೊಡಲೆಂದು, ಅಜ್ಜನ ಕಾಲದ ಫೋಟೋ ಒಂದನ್ನು ಮೇಜಿನ ಮೇಲಿಟ್ಟರು: ಅಂಗಳದಲ್ಲಿ ಬೇಟೆನಾಯಿ, ಬಿಲ್ಲಿನಂತೆ ಬಾಗಿದ ಬೆನ್ನು, ಕಡೆದಿಟ್ಟ ಎದೆ, ಪಕ್ಕಕ್ಕೆ ಹಗ್ಗ ಹಿಡಿದು ನಿಂತ ಮುಂಡಾಸಿನ ಮನುಷ್ಯ. ರಾಜಕುಮಾರರು ನಾಯಿಯ ಹೆಸರು ಬಿಜಲಿ ಎಂದರು, ಅದರ ತಾಯಿಯ ಹೆಸರು ಹೇಳಿದರು, ತಾಯಿಯ ತಾಯಿಯ ಹೆಸರೂ ಹೇಳಿದರು, ಅದು ಎಷ್ಟು ಮೊಲ ಹಿಡಿದಿತ್ತೆಂಬುದನ್ನೂ ಹೇಳಿದರು.

"ಹಗ್ಗ ಹಿಡದಾಂವ?"

"ಅಂವ ಯಾರೋ ಆಳಮನಷ್ಯಾ ಇರಬೇಕ್ರಿ."

ಅನಸವ್ವ ಫೋಟೋವನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದಳು. "ನಾಯಿ ಹೆಸರ ಸಿಕ್ಕತಿ. ಮನಷ್ಯಾಂದ ಹುಡಕಿ ಇಡ್ರಿ, ಆಮ್ಯಾಲ ಮಾಡೂನು." ಚಹಾ ಬರುವ ಮೊದಲೇ ಎದ್ದಳು. ನನಗೆ ಪರಮಾನಂದ. ಮರಳುವ ಬಸ್ಸಿನಲ್ಲಿ ವಾಡೆಯವರ ಬುದ್ಧಿಯನ್ನು ಎರಡು ಊರು ದಾಟುವವರೆಗೆ ಜಾಡಿಸಿದೆ. ಈಕೆ ಸುಮ್ಮನೆ ಎಲೆ ಮೆಲ್ಲುತ್ತಿದ್ದಳು. ಮಹಾಲಿಂಗಪುರ ಬರುತ್ತಿದ್ದಂತೆ ಕೋಟಿನ ಕಿಸೆಯಿಂದ ನಮ್ಮ ಮೆರವಣಿಗೆಯ ಫೋಟೋ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಮೂವತ್ತೆರಡ ಮಂದಿ ಅದಾರ. ಹೇಳ್ರಿ, ಬರಕೋತೇನಿ."

ನಾನು ಹೇಳಿದೆ, ಹೆಮ್ಮೆಯಿಂದ ಹೇಳಿದೆ. ಇವನು ಇಂಥ ಮಗ್ಗದ ಶೆಡ್ಡಿನವನು, ಇವನು ಲಾಠಿ ತಿಂದವನು, ಇವನ ಮಾತಿಗೆ ಡಿ.ಸಿ. ನಡುಗಿದ್ದ. ಇಪ್ಪತ್ತೊಂದು ಹೆಸರು ಸರಸರನೆ ಬಂದವು, ಅಡ್ಡಹೆಸರಿನ ಸಮೇತ. ಆಮೇಲೆ ಆಕೆಯ ಬೆರಳು ಹಿಂದಿನ ಸಾಲುಗಳಿಗೆ ಸರಿಯಿತು. ಸೆರಗು ಹೊದ್ದ ಹನ್ನೊಂದು ಮಂದಿ ಹೆಂಗಸರು. ಬಸ್ಸು ಬನಹಟ್ಟಿ ಮುಟ್ಟುವವರೆಗೆ ನಾನು ಕಿಟಕಿಯ ಹೊರಗಿನ ಕಬ್ಬು ನೋಡುತ್ತ ಕೂತೆ.

ಒಂದು ತಿಂಗಳು ಬಿಟ್ಟು ಪಟ್ಟಿ ಮಾಡಿಕೊಂಡು ಹೋದೆ. ಈಕೆ ಚಿದಾನಂದನ ತಾಯಿ, ಈಕೆ ಮೇಲಿನ ಓಣಿಯ ಮಗ್ಗ ರಿಪೇರಿಯ ಜಾಬರನ ಹೆಂಡತಿ, ಈಕೆ ರಾಹುಲನ ಅಜ್ಜಿ. ಅನಸವ್ವ ಒಂದೊಂದನ್ನೂ ಗೆರೆ ಎಳೆದು ಹೊಡೆದುಹಾಕಿದಳು. "ನಾ ಹೆಸರ ಕೇಳೇನಿ ಸಾಹೇಬ್ರ. ವಿಳಾಸ ಕೇಳಿಲ್ಲ."

ನನಗೂ ಸಿಟ್ಟು ಬಂತು. "ಮೂವತ್ತಾರ ವರ್ಷದ ಹಿಂದಿಂದ ಯಾರ ನೆನಪ ಇಟ್ಟಾರ ಬೇ? ಅಷ್ಟ ಮಂದ್ಯಾಗ ಹೆಣ್ಣಮಕ್ಕಳ ಹೆಸರ ಯಾರ ಕೇಳ್ತಿದ್ರು?"

"ನನ್ನ ಹೆಸರ ಕೇಳಿದ್ರಲ್ಲ. ಮೈಕಿನ್ಯಾಗ ಒದರಿದ್ರಿ."

ಈಗ ನನ್ನ ಪಾಲಿನ ಮಾತು. ಮುಷ್ಕರದ ಎರಡನೆಯ ದಿನ, ಇದೇ ಫೋಟೋ ತೆಗೆದ ದಿನ, ಮೆರವಣಿಗೆ ಒಂದು ಶೆಡ್ಡಿನ ಮುಂದೆ ಹಾಯುತ್ತಿದ್ದಾಗ ಹಿಂಬಾಗಿಲಿನಿಂದ ಒಬ್ಬ ಹುಡುಗಿ ಹೊರಗೆ ಬಂದಳು. ಬೆರಳ ತುದಿಗಳು ಬೂದಿಯಿಂದ ಬೆಳ್ಳಗಿದ್ದವು. ಮಗ್ಗ ನಿಲ್ಲಿಸಿ ನಾವು ಬೀದಿಯಲ್ಲಿದ್ದಾಗ ಒಳಗೆ ಹಾಸು ಕೆಚ್ಚಿದ್ದಾಳೆಂದರೆ ಮಾಲೀಕರ ಕಡೆಯವಳೆಂದೇ ಅರ್ಥ. ಯಾರೋ ಹೆಸರು ಹೇಳಿದರು, ನಾನು ಬಂಡಿಯ ಮೇಲಿಂದ ಕೂಗಿದೆ: "ನೋಡ್ರಿ, ಆ ಅನಸವ್ವನ ಬೆರಳ ನೋಡ್ರಿ! ನಾವು ಬೀದ್ಯಾಗ, ಈಕಿ ಮಾಲಕರ ಹಾಸಿನ್ಯಾಗ!" ಮುಷ್ಕರ ಹತ್ತೊಂಬತ್ತು ದಿನಕ್ಕೆ ಮುಗಿಯಿತು, ನಾವು ಗೆದ್ದೆವು. ಆಕೆಯನ್ನು ಮುಂದೆ ಮೂರು ವರ್ಷ ಯಾವ ಮನೆಯವರೂ ಹಾಸು ಕೆಚ್ಚಲು ಕರೆಯಲಿಲ್ಲ. ಇಪ್ಪತ್ತೈದರ ಆ ಹುಡುಗಿ ಅಣ್ಣನ ಕತ್ತಲೆಕೋಣೆ ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ.

ಇಷ್ಟು ವರ್ಷ ಒಂದೇ ಊರಲ್ಲಿ ಎದುರಾಗುತ್ತಲೇ ಇದ್ದೆವು. ಆಕೆ ಎಂದೂ ಆ ಮಾತು ತೆಗೆದಿರಲಿಲ್ಲ, ನಾನಂತೂ ಮರೆತೇ ಬಿಟ್ಟಿದ್ದೆ.

ಮರುದಿನದಿಂದ ನಿಜವಾಗಿ ಹುಡುಕತೊಡಗಿದೆ. ಫೋಟೋದಲ್ಲಿನ ಒಬ್ಬಾಕೆ ಚಿಮ್ಮಡದಲ್ಲಿ ಮಗಳ ಮನೆಯಲ್ಲಿದ್ದಾಳೆಂದು ತಿಳಿದು ಅನಸವ್ವನ ಜೊತೆ ಆಟೋ ಹತ್ತಿದೆ. ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದ ಮುದುಕಿ ಫೋಟೋವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಬೊಚ್ಚುಬಾಯಿ ತೆರೆದು ನಕ್ಕಳು. "ಯವ್ವಾ, ಈ ದಡ್ಡಿ ಯಾರ? ನಾನ! ಬೋರವ್ವ! ಎಷ್ಟ ತೆಳ್ಳಗಿದ್ನೆಲ್ಲ!" ಆಮೇಲೆ ಬೆರಳು ಓಡಿತು. ಈಕಿ ಹಾಲವ್ವ, ಘೋಷಣೆ ಕೂಗುವಾಗ ಕಣ್ಣು ಮುಚ್ಚುತ್ತಿದ್ದಳು. ಈಕಿ ಸತ್ಯವ್ವ, ರೊಟ್ಟಿಗಂಟು ಯಾವಾಗಲೂ ಇವಳ ಕಂಕುಳಲ್ಲೇ. ಈಕಿ ಗಂಗಾಂಬಿಕಾ, ನಾಲ್ಕನೆಯ ಇಯತ್ತೆ ಓದಿದ ಜಂಬ. ಮೂವರೂ ಈಗಿಲ್ಲ.

ಮುದುಕಿ ತಲೆಯೆತ್ತಿ ನನ್ನನ್ನು ದಿಟ್ಟಿಸಿದಳು. "ನೀ ಲಗಮಣ್ಣ ಅಲ್ಲೇನು? ಬಂಡಿ ಮ್ಯಾಲಿನಾಂವ? ಮತ್ತ ಈ ಅನಸಿ ಕೂಡ ಹೆಂಗ ತಿರಗಾಕತ್ತಿ? ನಾಚಿಕಿ ಬರೂದಿಲ್ಲ?"

ನಾನು ಶೇಂಗಾದ ಬುಟ್ಟಿ ಸರಿಸಿ ಕಟ್ಟೆಯ ತುದಿಗೆ ಕೂತೆ.

"ಆ ಹಾಸು ಯಾರದಂತ ಗೊತ್ತೇನು ನಿನಗ? ನನ್ನ ಗಂಡ ನೇಯೂ ಮಗ್ಗದ್ದು. ಸಂಪು ಶುರು ಆಗೂ ಮುಂಚಿನ ದಿನಾ ಈಕಿ ಅರ್ಧಾ ಕೆಚ್ಚಿದ್ಲು. ಅರ್ಧಾ ಬಿಟ್ರ ಎಳಿ ಒಣಗಿ ಚಟಾಚಟಾ ಹರೀತಾವ. ಬ್ಯಾರೆ ಕೈ ಹಚ್ಚಿದ್ರ ನಿಲ್ಲೂದಿಲ್ಲ. ಹಾಸು ಕೆಟ್ರ ದಂಡ ನನ್ನ ಗಂಡನ ಮ್ಯಾಲ ಬೀಳ್ತಿತ್ತು. ಹೋಗಿ ಮುಗಿಸಿ ಬಾರವ್ವಾ ಅಂತ ನಾನ ಕಳಿಸಿದ್ದೆ. ಈಕಿನ್ನ ಒಳಗ ಕಳಿಸಿ ನಿನ್ನ ಬಂಡಿ ಹಿಂದ ನಾ ನಡದೆ."

"ಹಂಗಿದ್ರ ಅವತ್ತ ಒಂದ ಮಾತ ಹೇಳಬೇಕಿಲ್ಲೇನು ಬೋರಕ್ಕ?"

"ನೀ ಕೇಳಿದ್ದೇನು? ಮೈಕ್ ನಿನ್ನ ಕೈಯಾಗಿತ್ತು."

ಅಂಗಳದಲ್ಲಿ ಕೋಳಿಗಳು ಶೇಂಗಾದ ಸಿಪ್ಪೆ ಕೆದರುತ್ತಿದ್ದವು. ನಾನು ಅನಸವ್ವನ ಕಡೆ ನೋಡಿದೆ. ಆಕೆ ಮಾತ್ರ ಭೂತಗನ್ನಡಿ ತೆಗೆದು ಫೋಟೋದ ಮೇಲೆ ಇಡುತ್ತಿದ್ದಳು. "ಆತಲ್ಲ, ಮುಂದ? ಬೋರಕ್ಕ, ಈ ಮೂರನೇ ಸಾಲಿನ ಕಡೀಗಿ ನಿಂತಾಕಿ ಯಾರ ನೋಡು. ಈಕಿ ಬಾಜೂದಾಕಿ?" ಬೋರವ್ವ ನೋಡಿದಳು, ಬಹಳ ಹೊತ್ತು ನೋಡಿದಳು, ತಲೆಯಾಡಿಸಿದಳು. ನಾಲ್ವರು ಆಕೆಗೂ ಗೊತ್ತಿರಲಿಲ್ಲ. ಮುಷ್ಕರಕ್ಕೆ ತಿಂಗಳ ಮೊದಲು ಹೊಳೆದಂಡೆಯ ಹಳ್ಳಿಗಳಿಂದ ಕಂಡಿಕೆ ಸುತ್ತಲು, ಅಂದರೆ ಲಾಳಿಯ ಕೊಳವೆಗೆ ನೂಲು ಸುತ್ತಲು, ಬಂದಿದ್ದವರು, ಮುಷ್ಕರ ಮುಗಿದ ಮೇಲೆ ಕಾಣಲಿಲ್ಲ ಎಂದಷ್ಟೇ ಹೇಳಿದಳು.

ಮರಳುವಾಗ ಆಟೋದಲ್ಲಿ ನಾನು, "ಅನಸವ್ವಾ, ತಪ್ಪಾತು," ಎಂದೆ. ನನ್ನ ಜೀವಮಾನದಲ್ಲಿ ಹೆಚ್ಚು ಬಾರಿ ಹೇಳಿದ ಮಾತಲ್ಲ.

"ನಿಮ್ಮ ತಪ್ಪ ಕಿಸೇದಾಗ ಇಟಗೊಂಡ ನಾ ಏನ ಮಾಡ್ಲಿ?" ಎಂದಳು. "ಹೆಸರ ತರ್ರಿ."

ಉಳಿದ ಮೂರನ್ನು ತಂದೆ: ಕಾವೇರಿ, ದಾನಮ್ಮ, ನೀಲವ್ವ. ಇದಕ್ಕೆ ಹತ್ತು ತಿಂಗಳು ಹಿಡಿಯಿತು. ಏಳನೆಯ ಹೆಸರನ್ನು ಹೇಳಿದ ದಿನ ಆಕೆ ಸ್ಟುಡಿಯೋದ ಕಪಾಟಿನಿಂದ ಒಂದು ನೋಟುಬುಕ್ಕು ತೆಗೆದು ತೋರಿಸಿದಳು. ಫೋಟೋದ ನಕಾಶೆ ಬರೆದು, ತಲೆಗೊಂದು ಸೊನ್ನೆ ಹಾಕಿ, ಹೆಸರು ತುಂಬಿದ್ದಳು. ಆ ಏಳೂ ಅಲ್ಲಿ ಇದ್ದವು, ಮಾಸಿದ ಪೆನ್ಸಿಲಿನಲ್ಲಿ, ನಾನು ಹುಡುಕಲು ಹೊರಡುವ ಎಷ್ಟೋ ಮೊದಲು ಬರೆದದ್ದು.

"ಇವು ನಿನಗ ಗೊತ್ತಿದ್ವೇನು?"

"ಕೂಡೇ ಕೆಚ್ಚಿದವರ ಹೆಸರ ನನಗ ಗೊತ್ತಿರೂದಿಲ್ಲೇನ್ರಿ?"

"ಮತ್ತ ವರ್ಷಗಟ್ಲೆ ನನ್ನ ಯಾಕ ಅಲಸಿದಿ ಬೇ? ಈ ಮಂಡಿ ಹಿಡಕೊಂಡ!"

"ನಿಮ್ಮ ಬಾಯಿಲೇನ ಬರ್ಲಿ ಅಂತ. ನನ್ನ ಹೆಸರ ನಿಮ್ಮ ಬಾಯಿಲೇನ ಬಂದಿತ್ತಲ್ಲ." ಬೆರಳು ಹೊಸೆಯುವುದು ಆಗ ಒಂದು ಕ್ಷಣ ನಿಂತಿತ್ತು, ನನಗೆ ಚೆನ್ನಾಗಿ ನೆನಪಿದೆ. "ನಾಕ ಮಾತ್ರ ಖರೇನ ಗೊತ್ತಿಲ್ಲ. ಅವು ಬಂದ್ರ ಈ ಕೆಲಸ ಮುಗೀತೈತಿ."

ಅವು ಬಂದಿಲ್ಲ. ಆ ನಾಲ್ವರು ಯಾಕೆ ಊರು ಬಿಟ್ಟರೆಂಬುದು ಮಾತ್ರ ಗೊತ್ತಾಗಿದೆ, ಅದಕ್ಕೆ ಕಾಗದವೇ ಇದೆ. ನಾವು ಗೆದ್ದ ಒಪ್ಪಂದದಲ್ಲಿ "ಮಗ್ಗದ ಮೇಲೆ ಕೆಲಸ ಮಾಡುವವರನ್ನು" ಮರಳಿ ತೆಗೆದುಕೊಳ್ಳತಕ್ಕದ್ದು ಎಂದು ಬರೆದಿದೆ. ಕಂಡಿಕೆ ಸುತ್ತುವವರು, ಕೆಚ್ಚುವವರು ಮಗ್ಗದ ಮೇಲೆ ಕೆಲಸ ಮಾಡುವವರಲ್ಲ. ಊರವರನ್ನು ಮೆಲ್ಲಗೆ ಕರೆದುಕೊಂಡರು; ಹೊರಗಿನ ನಾಲ್ವರಿಗೆ ಕೇಳುವವರಿರಲಿಲ್ಲ. ಕೆಳಗೆ ನನ್ನ ಸಹಿ ಇದೆ, ದೊಡ್ಡದಾಗಿ, ಗೆದ್ದವನ ಸಹಿಯಂತೆ.

ಕಾಂಚನಾಳ ಕಂಪ್ಯೂಟರಿನಲ್ಲಿ ಆ ಚಿತ್ರ ಈಗ ಅರ್ಧಕ್ಕೆ ನಿಂತಿದೆ. ಎಡದಿಂದ ಮುಕ್ಕಾಲು ಪಾಲು ಕೂಡಿದೆ. ಇಂದಿನ ಡಾಂಬರಿನ ಮೇಲೆ ಅಂದಿನ ಧೂಳೆಬ್ಬಿಸುತ್ತ ನಮ್ಮ ಬಂಡಿ ಬರುತ್ತಿದೆ, ಬಂಡಿಯ ಹಿಂದೆ ಬೋರವ್ವ ತೆಳ್ಳಗೆ, ಬಾಯಿ ತೆರೆದು ಕೂಗುತ್ತಿದ್ದಾಳೆ. ಆ ನಾಲ್ವರು ನಿಂತ ಬಲದ ತುದಿ ಮಾತ್ರ ಹಾಗೇ ಉಳಿದಿದೆ, ಹಳೆಯ ಬೂದಿಬಣ್ಣದಲ್ಲಿ. ಮೊನ್ನೆ ನನ್ನೆದುರೇ ಸೋದರತ್ತೆ ಸೊಸೆಯರ ಜಗಳವಾಯಿತು.

"ಅತ್ತಿ, ನಾಕ ಮಂದಿ ಸಲುವಾಗಿ ಇಡೀ ಫೋಟೋ ಎಷ್ಟ ದಿನಾ ನಿಲ್ಲಸ್ತಿ? ಸಭಾದವರು ದಿನಾ ಫೋನ್ ಮಾಡಾಕತ್ತಾರ."

"ಫೋನ್ ಮಾಡಾಕ ಪುರಸತ್ತ ಐತಿ ಅಂದ್ರ ಹುಡಕಾಕೂ ಇರತೈತಿ. ಹಂಗಂತ ಹೇಳು."

ಅನಸವ್ವನಂಥವರನ್ನು ನಮ್ಮ ಚಳವಳಿಗಳು ಎಂದೂ ಎಣಿಸಿಲ್ಲ. ಬಂಡಿಯ ಮೇಲೆ ನಿಂತವರು ನಾವು ಚರಿತ್ರೆ ಬರೆದೆವು. ಬರೆದದ್ದರಲ್ಲಿ ಬಂಡಿಯೇ ದೊಡ್ಡದಾಗಿ ಕಂಡಿತು. ಫೋಟೋದಿಂದ ಹೊರಗೆ ತಳ್ಳಿಸಿಕೊಂಡವರು ಮಾತ್ರ, ಯಾವ ಕೋಪವನ್ನೂ ಮೆರೆಸದೆ, ಒಳಗಿದ್ದವರ ಒಂದೊಂದು ಮುಖಕ್ಕೂ ಅದರದರ ಹೆಸರನ್ನು ಹಿಡಿದು ಕೂಡಿಸುತ್ತ ಕೂರುತ್ತಾರೆ. ಇಂಥವರು ಊರಿಗೆ ಒಬ್ಬರಾದರೂ ಇರುತ್ತಾರೆ. ಅವರನ್ನು ನಾವು ಹಟಮಾರಿಗಳು, ಮಳ್ಳರು ಎನ್ನುತ್ತೇವೆ. ಹಳೆಯ ದಿನಗಳ ಹಂಬಲ ಬೇರೆ, ಹಳೆಯ ದಿನಗಳಿಗೆ ಉತ್ತರ ಕೊಡುವುದು ಬೇರೆ. ಮೊದಲನೆಯದಕ್ಕೆ ಮುಪ್ಪು ಸಾಕು.

ಇನ್ನು ಓದುತ್ತಿರುವ ನಿಮಗೆ. ಮೂರನೆಯ ಸಾಲಿನ ಕೊನೆಗೆ ನಿಂತವಳ ಎಡಹುಬ್ಬಿನ ಮೇಲೆ ಗಾಯದ ಕಲೆಯಿದೆ. ಅವಳ ಪಕ್ಕದವಳ ಕಂಕುಳಲ್ಲಿ ಟೊಪ್ಪಿಗೆಯೊಳಗೆ ಮುಖ ಮುಳುಗಿದ ಕೂಸಿದೆ. ಹಿಂದಿನವಳು ಎಲ್ಲರಿಗಿಂತ ಗೇಣು ಎತ್ತರ, ಮೂಗುತಿ ಬಲಕ್ಕಿದೆ. ನಾಲ್ಕನೆಯವಳು ಹದಿನಾರು ಹದಿನೇಳರವಳು, ಕ್ಯಾಮೆರಾ ನೋಡಿ ನಗು ತಡೆಯಲಾರದೆ ಸೆರಗಿನ ತುದಿ ಕಚ್ಚಿದ್ದಾಳೆ. ಎಂಬತ್ತೆಂಟರಲ್ಲಿ ಬನಹಟ್ಟಿಗೆ ಕಂಡಿಕೆ ಸುತ್ತಲು ಹೋಗಿ, ಕೆಲಸ ಕಳೆದುಕೊಂಡು ಮರಳಿದ ಹೆಂಗಸು ನಿಮ್ಮ ಮನೆಯಲ್ಲಿದ್ದರೆ, ಇದ್ದಿದ್ದರೆ, ಇಂದು ಊಟಕ್ಕೆ ಕೂತಾಗ ಕೇಳಿರಿ. ಬನಹಟ್ಟಿ ಬಸ್ ನಿಲ್ದಾಣದ ಹಿಂದಿನ ಓಣಿ, ಮಲಕಾಜಪ್ಪನ ಸ್ಟುಡಿಯೋ. ಮುಂಜಾನೆ ಹತ್ತಕ್ಕೆ ಬಾಗಿಲು ತೆರೆಯುತ್ತದೆ. ಬಂದು, ಇಂಥವರ ತಾಯಿ, ಇಂಥವರ ಅಜ್ಜಿ ಎಂದು ಹೇಳಬೇಡಿರಿ. ಅವಳನ್ನು ಅವಳ ಅವ್ವ ಏನೆಂದು ಕೂಗುತ್ತಿದ್ದಳೋ, ಅದನ್ನು ಹೇಳಿರಿ.